ಹನ್ನೆರಡನೆಯ ತರಗತಿ: ಕ್ಯಾಲ್ಕ್ಯುಲಸ್ ಮತ್ತು ಸ್ಪ್ಯಾನಿಷ್ ಬಿಡಬಹುದೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಹೈಸ್ಕೂಲಿನಲ್ಲಿ ಹನ್ನೊಂದನೆಯ ತರಗತಿಯಲ್ಲಿರುವ ನನ್ನ ಮಗಳಿಗೆ ಎಂಐಟಿಯಂಥ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವ ಆಸೆಯಿದೆ. ಈ ವರ್ಷ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಕ್ಯಾಲ್ಕ್ಯುಲಸ್ ಎಬಿ ಮತ್ತು ಮೂರನೆಯ ವರ್ಷದ ಸ್ಪ್ಯಾನಿಷ್ ಮುಗಿಯುತ್ತವೆ. ಮುಂದಿನ ವರ್ಷಕ್ಕೆ ಎಪಿ ಇಂಗ್ಲಿಷ್, ಎಪಿ ಗವರ್ನಮೆಂಟ್, ಎಪಿ ಫಿಸಿಕ್ಸ್ ಸಿ ನಿಶ್ಚಯವಾಗಿವೆ. ಉಳಿದ ಎರಡು ಪಿರಿಯಡ್‌ಗಳಲ್ಲಿ ಎಬಿಯ ಮುಂದಿನ ಹಂತವಾದ ಕ್ಯಾಲ್ಕ್ಯುಲಸ್ ಬಿಸಿಯ ಬದಲು ಸ್ಟ್ಯಾಟಿಸ್ಟಿಕ್ಸ್, ಸ್ಪ್ಯಾನಿಷ್‌ನ ಬದಲು ಕಂಪ್ಯೂಟರ್ ಸೈನ್ಸ್ ಓದಿದರೆ ಪ್ರವೇಶಕ್ಕೆ ತೊಡಕಾದೀತೇ?

ಮೊದಲ ಉತ್ತರ:
ಗಣಿತದಲ್ಲಿ ದಯವಿಟ್ಟು ರಾಜಿ ಮಾಡಿಕೊಳ್ಳಬೇಡಿ. ವಿದ್ಯಾರ್ಥಿಯು ತನ್ನ ಶಾಲೆಯಲ್ಲಿ ಲಭ್ಯವಿದ್ದ ಕಠಿಣ ಕೋರ್ಸುಗಳನ್ನು ಎಷ್ಟರಮಟ್ಟಿಗೆ ಆರಿಸಿಕೊಂಡಿದ್ದಾನೆ ಎಂಬುದನ್ನು ಕೌನ್ಸೆಲರ್ (ಶಾಲೆಯ ಮಾರ್ಗದರ್ಶಕರು), ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ವ್ಯವಸ್ಥೆಯಾದ ಕಾಮನ್ ಆ್ಯಪ್‌ನ ಶಾಲಾ ವರದಿಯಲ್ಲಿ ನಮೂದಿಸುತ್ತಾರೆ. ಎಂಜಿನಿಯರಿಂಗ್ ಬಯಸುವವಳು ಎಬಿ ಮುಗಿಸಿ, ಬಿಸಿ ಲಭ್ಯವಿದ್ದೂ ಸ್ಟ್ಯಾಟಿಸ್ಟಿಕ್ಸ್‌ಗೆ ಹೋದರೆ ಅದು ಹಿಂಜರಿಕೆಯಂತೆ ಕಾಣಬಹುದು. ಅದಕ್ಕಿಂತ ಮುಖ್ಯವಾಗಿ, ಬಿಸಿಯಲ್ಲಿ ಬರುವ ಅನಂತ ಶ್ರೇಣಿಗಳು ಕಾಲೇಜಿನ ಗಣಿತಕ್ಕೆ ಬೇಕೇ ಬೇಕು. ಸ್ಟ್ಯಾಟಿಸ್ಟಿಕ್ಸ್ ಉಪಯುಕ್ತ ವಿಷಯವೇ. ಸಮಾಜಶಾಸ್ತ್ರ ಅಥವಾ ಮನಶ್ಶಾಸ್ತ್ರ ಓದುವವರಾಗಿದ್ದರೆ ನನ್ನ ಸಲಹೆ ಬೇರೆಯಾಗುತ್ತಿತ್ತು.

ಎರಡನೆಯ ಉತ್ತರ:
ಭಾಷೆಯ ವಿಷಯದಲ್ಲಿ ಕಾಲೇಜಿನಿಂದ ಕಾಲೇಜಿಗೆ ವ್ಯತ್ಯಾಸವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎರಡು ವರ್ಷ ಕಡ್ಡಾಯ ಮಾಡಿ ಮೂರು ವರ್ಷ ಓದಿರಲೆಂದು ಹೇಳುತ್ತದೆ, ಹಾರ್ವರ್ಡ್ ಒಂದೇ ಭಾಷೆಯನ್ನು ನಾಲ್ಕು ವರ್ಷ ಓದುವುದು ಒಳ್ಳೆಯದೆನ್ನುತ್ತದೆ. ಪಟ್ಟಿಯಲ್ಲಿ ಅಂಥ ಕಾಲೇಜುಗಳಿದ್ದರೆ ಸ್ಪ್ಯಾನಿಷ್ ಮುಂದುವರಿಸಲಿ. ಕಂಪ್ಯೂಟರ್ ಪ್ರೋಗ್ರಾಮಿಂಗ್ ಅನ್ನು ಕಾಲೇಜಿನಲ್ಲಿ ಮೊದಲಿನಿಂದ ಕಲಿಯಲು ಅವಕಾಶವಿರುತ್ತದೆ.

ಮೂರನೆಯ ಉತ್ತರ:
ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಮಗುವಿನ ಮೇಲೆ ಬೀಳುವ ಹೊರೆಯನ್ನೂ ನೋಡಿ. ಆಗಸ್ಟ್‌ನಿಂದ ಜನವರಿ ಆರಂಭದವರೆಗೆ ಅರ್ಜಿಯ ಪ್ರಬಂಧಗಳೇ ಇನ್ನೊಂದು ಕೋರ್ಸಿನಷ್ಟು ಸಮಯ ಬೇಡುತ್ತವೆ, ನವೆಂಬರ್ 1ರ ಅರ್ಲಿ (ಮುಂಚಿತ ಅರ್ಜಿಯ) ಗಡುವಿಗೆ ಕಳಿಸುವುದಾದರೆ ಅವಸರ ಇನ್ನೂ ಹೆಚ್ಚು. ಹನ್ನೆರಡನೆಯ ತರಗತಿಯ ಎಪಿ ಪರೀಕ್ಷೆ ನಡೆಯುವುದು ಮೇ ತಿಂಗಳಲ್ಲಿ, ಫಲಿತಾಂಶ ಬರುವುದು ಜುಲೈನಲ್ಲಿ. ಅಷ್ಟರಲ್ಲಿ ಪ್ರವೇಶದ ತೀರ್ಮಾನ ಆಗಿಹೋಗಿರುತ್ತದೆ. ಹಾಗಾಗಿ ಕಾಲೇಜುಗಳು ನೋಡುವುದು ಕೋರ್ಸಿನ ಆಯ್ಕೆಯನ್ನು ಮತ್ತು ವರ್ಷದ ಮಧ್ಯದಲ್ಲಿ ಶಾಲೆ ಕಳಿಸುವ ಮಿಡ್-ಇಯರ್ ವರದಿಯಲ್ಲಿ ಹೋಗುವ ಮೊದಲ ಸೆಮಿಸ್ಟರ್‌ನ ಗ್ರೇಡುಗಳನ್ನು. ನನ್ನ ಮಗ ಅರ್ಜಿ ಹಾಕಿದ ಮೇಲೆ, ಡಿಸೆಂಬರ್‌ನಲ್ಲಿ, ಭಾರ ತಾಳಲಾರದೆ ಒಂದು ಕೋರ್ಸನ್ನು ಬಿಟ್ಟ. ಆಮೇಲೆ ಪ್ರತಿ ಕಾಲೇಜಿಗೂ ಕಾರಣ ಬರೆದು ತಿಳಿಸಬೇಕಾಯಿತು. ಆ ವಾರಗಳ ಆತಂಕ ಯಾವ ಮಗುವಿಗೂ ಬೇಡ. ಐದೂ ಎಪಿ ಆಗಲೇಬೇಕೆಂದಿಲ್ಲ, ಸ್ಪ್ಯಾನಿಷ್ ಅನ್ನು ಎಪಿಯ ಬದಲು ಸಾಮಾನ್ಯ ನಾಲ್ಕನೆಯ ವರ್ಷದ ತರಗತಿಯಲ್ಲೇ ಓದಬಹುದು.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಮಗಳ ಜೊತೆ ಕುಳಿತು ಇದನ್ನೆಲ್ಲ ಓದಿದೆ. ಬಿಸಿ ಮತ್ತು ಸಾಮಾನ್ಯ ಸ್ಪ್ಯಾನಿಷ್ ತೆಗೆದುಕೊಳ್ಳಲು ಅವಳು ಒಪ್ಪಿದ್ದಾಳೆ. ಬಿಸಿ ಮತ್ತು ಫಿಸಿಕ್ಸ್ ಒಂದೇ ಪಿರಿಯಡ್‌ಗೆ ಬೀಳದಂತೆ ನೋಡಿಕೊಳ್ಳಲು ಈ ವಾರವೇ ಕೌನ್ಸೆಲರ್ ಅವರನ್ನು ಕಾಣುತ್ತೇವೆ.