ಪೆಂಟಟಾನಿಕ್ ಸಲೀಸು, ತಂತಿಗೆ ಮೂರು ಸ್ವರ ಅಂದರೆ ಪಿಕ್ ಸಿಕ್ಕಿಕೊಳ್ಳುತ್ತದೆ

ಪ್ರಶ್ನೆ:
ನಮಸ್ಕಾರ. ಎರಡು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿದ್ದೇನೆ. ಎ ಮೈನರ್ ಪೆಂಟಟಾನಿಕ್ (ಐದು ಸ್ವರದ ಸ್ಕೇಲ್) ಅನ್ನು ಮೆಟ್ರೊನೋಮ್ 120ರಲ್ಲಿ, ಬೀಟಿಗೆ ನಾಲ್ಕು ಸ್ವರದಂತೆ ಆರಾಮಾಗಿ ನುಡಿಸುತ್ತೇನೆ. ಜಿ ಮೇಜರ್ ಸ್ಕೇಲನ್ನು ತಂತಿಗೆ ಮೂರು ಸ್ವರದಂತೆ ಹಿಡಿದರೆ ಮಾತ್ರ 90ಕ್ಕೇ ಎಡವುತ್ತೇನೆ. ಆರನೇ ತಂತಿಯಿಂದ (ಎಲ್ಲಕ್ಕಿಂತ ದಪ್ಪನೆಯದು) ಐದಕ್ಕೆ ದಾಟುವಾಗ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಐದನೇ ತಂತಿಗೆ ತಗಲುತ್ತದೆ. ಐದರಿಂದ ನಾಲ್ಕಕ್ಕೆ ಸರಿ ಹೋಗುತ್ತದೆ. ನಾಲ್ಕರಿಂದ ಮೂರಕ್ಕೆ ಮತ್ತೆ ಅದೇ ಪಾಡು. 0.46 ಪಿಕ್ ಬಿಟ್ಟು 1 ಮಿ.ಮೀ. ತಂದೆ. ಸ್ವರ ಗಟ್ಟಿಯಾಯಿತು, ಎಡವುವುದು ನಿಲ್ಲಲಿಲ್ಲ. ಬೆರಳು ನಿಧಾನ ಅಂತ ಆರು ತಿಂಗಳು ಎಡಗೈಯನ್ನೇ ದುಡಿಸಿದ್ದೇನೆ.

ಉತ್ತರ:
ಒಂದು ಬಿಟ್ಟು ಒಂದು ದಾಟಿನಲ್ಲಿ ಎಡವುತ್ತೀರಿ ಅಂದಿರಲ್ಲ, ಕಾರಣ ಅಲ್ಲೇ ಇದೆ. ಎಡಗೈ ಬಿಡಿ, ಬಲಗೈ ನೋಡಿ. ನೀವು ಹಿಡಿದಿರುವ ಪಿಕ್‌ನ ಹಿಂಬದಿ ನೆಲದ ಕಡೆ ವಾಲಿರಬೇಕು. ಹಾಗಿದ್ದಾಗ ಅಪ್‌ಸ್ಟ್ರೋಕ್ (ಮೇಲ್ಮುಖ ಮೀಟು) ತಂತಿಗಳಿಂದ ಆಚೆ ಎದ್ದು ಬರುತ್ತದೆ. ಡೌನ್‌ಸ್ಟ್ರೋಕ್ (ಕೆಳಮುಖ ಮೀಟು) ಗಿಟಾರಿನ ಮೈ ಕಡೆ ಇಳಿದು ಎರಡು ತಂತಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಪೆಂಟಟಾನಿಕ್‌ನಲ್ಲಿ ತಂತಿಗೆ ಎರಡೇ ಸ್ವರ, ಡೌನ್, ಅಪ್. ಪ್ರತಿ ಸಲವೂ ಪಿಕ್ ಹೊರಗಿದ್ದಾಗಲೇ ದಾಟುತ್ತೀರಿ. ಮೂರು ಸ್ವರವಾದರೆ ಆರನೇ ತಂತಿ ಡೌನ್‌ನಲ್ಲಿ ಮುಗಿಯುತ್ತದೆ, ಐದನೆಯದು ಅಪ್‌ನಲ್ಲಿ, ನಾಲ್ಕನೆಯದು ಮತ್ತೆ ಡೌನ್‌ನಲ್ಲಿ.

ಖಾತ್ರಿ ಮಾಡಿಕೊಳ್ಳಲು ಅದೇ ಸ್ಕೇಲನ್ನು ಅಪ್‌ಸ್ಟ್ರೋಕ್‌ನಿಂದ ಶುರು ಮಾಡಿ. ತೊಡಕು ಐದರಿಂದ ನಾಲ್ಕಕ್ಕೆ ದಾಟುವ ಜಾಗಕ್ಕೆ ಸರಿದರೆ ಇದೇ ಕಾರಣ.

ಪ್ರಶ್ನೆ ಕೇಳಿದವರು:
ಸರ್, ಈಗಷ್ಟೇ ನೋಡಿದೆ. ನೀವು ಹೇಳಿದ ಜಾಗದಲ್ಲೇ ಸಿಕ್ಕಿಕೊಂಡಿತು! ಫೋನಿನ ಸ್ಲೋ ಮೋಷನ್‌ನಲ್ಲೂ ಕಾಣಿಸಿತು. ಮೂರನೇ ಸ್ವರ ಆದಮೇಲೆ ಪಿಕ್ ಐದನೇ ತಂತಿಗೆ ಒರಗಿ ನಿಂತಿರುತ್ತದೆ. ಹಾಗಾದರೆ ಪಿಕ್‌ನ ಅಂಚು ತಿರುಗಿಸಿ ಹಿಡಿಯಬೇಕಾ?

ಉತ್ತರ:
ಅಂಚು ತಿರುಗಿಸುವುದು ಬೇರೆ ಕೋನ. ಅದರಿಂದ ಪಿಕ್ ತಂತಿಯ ಮೇಲೆ ನುಣ್ಣಗೆ ಜಾರುತ್ತದೆ, ಜಾಸ್ತಿಯಾದರೆ ಗರಗರ ಸದ್ದು ಬರುತ್ತದೆ. ದಾಟುವ ತೊಂದರೆಗೆ ಮದ್ದು ವಾಲಿಕೆಯಲ್ಲೇ ಇದೆ.

ಪಿಕ್ ಹೇಗೂ ಐದನೇ ತಂತಿಗೆ ಒರಗಿದೆ ಅಲ್ವಾ? ಅದನ್ನು ಎತ್ತಲೇ ಬೇಡಿ. ಅಲ್ಲಿಂದಲೇ ಕೆಳಗೆ ತಳ್ಳಿ. ಡೌನ್, ಅಪ್, ಡೌನ್, ಮುಂದಿನ ತಂತಿಗೂ ಡೌನ್‌ನಿಂದಲೇ ಶುರು. 60ರಲ್ಲಿ ಎರಡೇ ತಂತಿ ಹಿಡಿದು ಅಭ್ಯಾಸ ಮಾಡಿ. ತಳ್ಳುವಾಗ ಅವಸರವಾಗಿ ಎರಡು ಸ್ವರ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅದರ ಮೇಲೆ ಕಿವಿ ಇರಲಿ. ಪಿಕ್‌ನ ತುದಿ ತಂತಿಯಿಂದ ಒಂದೆರಡು ಮಿ.ಮೀ. ಒಳಗೆ ಹೋದರೆ ಸಾಕು.

ಪ್ರಶ್ನೆ ಕೇಳಿದವರು:
ಮೂರು ದಿನ ಹೀಗೇ ಮಾಡಿದೆ, 95ರಲ್ಲಿ ಒಂದೂ ತಗಲಲಿಲ್ಲ. ಆದರೆ ಒಂದನೇ ತಂತಿಯಿಂದ ವಾಪಸ್ ಬರುವಾಗ ಈ ಉಪಾಯ ನಡೆಯುತ್ತಿಲ್ಲ.

ಉತ್ತರ:
ನಡೆಯುವುದಿಲ್ಲ, ವಾಪಸ್ ಬರುವಾಗ ದಾರಿ ಉಲ್ಟಾ. ಅಲ್ಲಿ ಮೂರನೇ ಸ್ವರಕ್ಕೆ ಪಿಕ್ ಹಾಕಬೇಡಿ. ಒಂದನೇ ತಂತಿಯಲ್ಲಿ 8ನೇ ಫ್ರೆಟ್ ಡೌನ್, 7 ಅಪ್, 5ಕ್ಕೆ ಪುಲ್‌ಆಫ್, ಅಂದರೆ ಪಿಕ್ ಇಲ್ಲದೆ ಎಡಗೈ ಬೆರಳನ್ನು ತಂತಿಯಿಂದ ಎಳೆದು ತೆಗೆದೇ ಸ್ವರ ಹೊರಡಿಸುವುದು. ಅಪ್ ಆದಮೇಲೆ ಪಿಕ್ ಹೊರಗೇ ಇರುತ್ತದೆ, ಎಡಗೈ 5ನ್ನು ನುಡಿಸುವಷ್ಟರಲ್ಲಿ ಬಲಗೈ ಎರಡನೇ ತಂತಿಯ ಮೇಲೆ ಕಾದಿರುತ್ತದೆ. ಸ್ವೀಡನ್ನಿನ ಗಿಟಾರ್ ವಾದಕ ಯಿಂಗ್ವಿ ಮಾಲ್ಮ್‌ಸ್ಟೀನ್ ನುಡಿಸುವ ವೇಗದ ಇಳಿಕೆಗಳಲ್ಲಿ ಈ ಪುಲ್‌ಆಫ್ ಕಾಣುತ್ತದೆ, ಕಿವಿಗೊಟ್ಟು ಕೇಳಿ. ಆ 5ನೇ ಫ್ರೆಟ್ಟಿನ ಸ್ವರ ಮೊದಮೊದಲು ಮೆತ್ತಗೆ ಬರುತ್ತದೆ. ಉಂಗುರದ ಬೆರಳನ್ನು ಸುಮ್ನೆ ಎತ್ತದೆ, ತಂತಿಯನ್ನು ಸ್ವಲ್ಪ ಕೆಳಕ್ಕೆ ಮೀಟಿ ಬಿಡಿ.