ಬೇಟೆ ರೈಫಲ್‌ಗೆ ಸ್ಟೇನ್‌ಲೆಸ್ ಬ್ಯಾರೆಲ್ಲೋ, ಬ್ಲೂಯಿಂಗ್ ಬ್ಯಾರೆಲ್ಲೋ? ಅನುಭವ ಇದ್ದವರು ಹೇಳಿ

ಹೊಸ ಶಿಕಾರಿ: ವಾಷಿಂಗ್ಟನ್ ರಾಜ್ಯದಲ್ಲಿದ್ದೇನೆ, ಕ್ಯಾಸ್ಕೇಡ್ ಬೆಟ್ಟಗಳ ಪಶ್ಚಿಮಕ್ಕೆ, ಮಳೆ ಜಾಸ್ತಿ ಇರೋ ಕಡೆ. ಅಕ್ಟೋಬರ್ ಜಿಂಕೆ ಸೀಸನ್‌ಗೆ ಮೊದಲ ರೈಫಲ್, .308 ಗುಂಡಿನದು. ಒಂದೇ ಮಾಡೆಲ್, ಬ್ಲೂಯಿಂಗ್ ಮಾಡಿದ್ದಕ್ಕಿಂತ (ಮಾಮೂಲಿ ಉಕ್ಕಿನ ಮೈಯನ್ನು ರಾಸಾಯನಿಕದಿಂದ ಕಪ್ಪಾಗಿಸಿದ್ದು) ಸ್ಟೇನ್‌ಲೆಸ್‌ಗೆ 130 ಡಾಲರ್ ಜಾಸ್ತಿ. ಕೊಡಬಹುದಾ?

ಒರೆಗಾನ್ ಭಾವ: ಕಣ್ಣು ಮುಚ್ಚಿ ಕೊಡಿ. ನಾನು ವಾಲ್‌ನಟ್ ಮರದ ಸ್ಟಾಕ್‌ನ, ಅಂದ್ರೆ ಬ್ಯಾರೆಲ್ ಕೂರಿಸೋ ಹಿಡಿಕೆಯ, ಅಂದಕ್ಕೆ ಮರುಳಾಗಿ ಬ್ಲೂಯಿಂಗ್ ತಗೊಂಡೆ. ಮೂರು ದಿನ ಬಿಡದೆ ಮಳೆ. ಮನೆಗೆ ಬಂದು ಹೊರಗೆಲ್ಲ ಎಣ್ಣೆ ಬಟ್ಟೆಯಲ್ಲಿ ಒರೆಸಿದೆ, ಸ್ಟಾಕ್ ಮಾತ್ರ ಬಿಚ್ಚಲಿಲ್ಲ. ಎರಡು ವಾರ ಬಿಟ್ಟು ಸ್ಕ್ರೂ ತೆಗೆದರೆ, ಬ್ಯಾರೆಲ್ ಮರದೊಳಗೆ ಕೂತಿದ್ದ ಕಡೆ ಉದ್ದಕ್ಕೂ ಕೆಂಪು ತುಕ್ಕು, ಉಗುರಿಗೆ ಸಿಗುವಷ್ಟು ಗುಳಿ. ಮತ್ತೆ ಬ್ಲೂಯಿಂಗ್‌ಗೆ 240 ಡಾಲರ್. ಕಳಿಸಿ ತರಿಸೋಕೆ 65. ಮರ ಉಬ್ಬಿ ಬ್ಯಾರೆಲ್‌ಗೆ ತಾಗ್ತಿತ್ತು, ಅದನ್ನು ಕೆರೆಸೋಕೆ 80. ನೂರು ಗಜಕ್ಕೆ ಗುಂಡು ಮೂರಿಂಚು ಎಡಕ್ಕೆ ಹೋಗ್ತಿತ್ತು. ಆ ವರ್ಷ ಜಿಂಕೆಯೂ ಇಲ್ಲ.

ಸ್ಟೇನ್‌ಲೆಸ್ ಸಂತ್ರಸ್ತ: ಸ್ಟೇನ್‌ಲೆಸ್ ಅಂದ್ರೆ ಮನೆಯ ಸ್ಟೀಲ್ ಲೋಟ ಅಂದ್ಕೊಂಡ್ರಾ? ಬ್ಯಾರೆಲ್‌ಗೆ ಸಾಮಾನ್ಯವಾಗಿ ಹಾಕೋದು 416 ಅನ್ನೋ ದರ್ಜೆಯ ಸ್ಟೀಲ್. ಕೊರೆಯೋಕೆ ಸುಲಭ ಆಗಲಿ ಅಂತ ಅದಕ್ಕೆ ಗಂಧಕ ಸೇರಿಸಿರ್ತಾರೆ, ಲೋಟದ 304ರಷ್ಟು ತುಕ್ಕು ತಡೆಯೋದಿಲ್ಲ. ಒದ್ದೆ ರೈಫಲನ್ನು ಫೋಮ್ ಕೇಸ್‌ನಲ್ಲಿ ಒಂದು ವಾರ ಬಿಟ್ಟಿದ್ದೆ, ಮೈಯೆಲ್ಲ ಕಂದು ಚುಕ್ಕೆ. ಸ್ಕೋಪ್‌ನ ಸ್ಕ್ರೂಗಳಂತೂ ಮಾಮೂಲಿ ಉಕ್ಕಿನವು, ಹಿಡಿದುಕೊಂಡು ಕೂತವು. ಕೊರೆಸಿ ತೆಗೆಸಿದೆ, 45 ಡಾಲರ್.

ಒರೆಗಾನ್ ಭಾವ: ಫೋಮ್‌ನಲ್ಲಿ ಬಿಟ್ಟಿದ್ದು ನೀವು, ಬೈಗುಳ ಸ್ಟೀಲಿಗೆ!

ಸ್ಟೇನ್‌ಲೆಸ್ ಸಂತ್ರಸ್ತ: ಸ್ಟಾಕ್ ಬಿಚ್ಚದವರು ಪಾಠ ಹೇಳ್ಬೇಡಿ.

ತೋಕ್ ಪೂ: ನಿಮ್ಮದೆಲ್ಲ ಒಂದು ಮಳೆನಾ? ನಮ್ಮ ಮನೆ ಭಾಗಮಂಡಲದ ಹತ್ತಿರ. ಅಜ್ಜನ ಒಂಟಿ ನಳಿಗೆ ಕೋವಿ ಇವತ್ತಿಗೂ ಕಪ್ಪಗೆ ಮಿಂಚುತ್ತದೆ. ನಮ್ಮ ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್‌ಗೆ ನಳಿಗೆಗೆ ಹೂವು ಸಿಕ್ಕಿಸೋ ಮೊದಲು ಅಜ್ಜಿ ತೆಂಗಿನೆಣ್ಣೆ ಸವರುತ್ತಿದ್ದರು, ಅಷ್ಟೇ. ಬ್ಲೂಯಿಂಗ್ ಕೆಟ್ಟದ್ದಲ್ಲ, ಸೋಮಾರಿಗಳು ಕೆಟ್ಟವರು.

ಮೊಂಟಾನಾ ಮಾವ: 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಿಮ್ಮಲ್ಲಿ ಬೇಟೆ ಎಲ್ಲಿದೆ? ಗೋಡೆಗೆ ನೇತುಹಾಕಿದ್ದಕ್ಕೆ ಯಾಕೆ ತುಕ್ಕು ಹಿಡಿಯುತ್ತೆ? ನಾನೂ ಯಾರದೋ ತೆಂಗಿನೆಣ್ಣೆ ಮಾತು ನಂಬಿ, ಗುಂಡಿಗೆ ಬಡಿಯೋ ಪಿನ್ ಇರೋ ಬೋಲ್ಟ್ ಒಳಗೆ ಹಾಕಿದ್ದೆ. ನವೆಂಬರ್ ಬೆಳಿಗ್ಗೆ, ಎದುರಿಗೇ ಎಲ್ಕ್ ಅನ್ನೋ ದೊಡ್ಡ ಜಿಂಕೆ. ಟ್ರಿಗರ್ ಎಳೆದರೆ ಮೆತ್ತಗೆ ‘ಟಕ್’. ಚಳಿಗೆ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾದ ಹಾಗೆ ಒಳಗೂ ಗಟ್ಟಿಯಾಗಿತ್ತು, ಪಿನ್‌ಗೆ ಜೋರೇ ಇಲ್ಲ.

ತೋಕ್ ಪೂ: ಬೋಲ್ಟ್ ಒಳಗೆ ಹಾಕಿ ಅಂದವರು ಯಾರು? ಮತ್ತೆ ಗೋಡೆ ಕೋವಿ ಅಂತೆ! ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯಕ್ಕೆ ಒಮ್ಮೆ ಬಂದು ನೋಡಿ.

ಹೊಸ ಶಿಕಾರಿ: ಅಣ್ಣಂದಿರೇ, ಆ 130 ಡಾಲರ್...

ಮೊಂಟಾನಾ ಮಾವ: ತೆಂಗಿನಕಾಯಿ ಓಡಿಹೋಗಲ್ಲ ಸ್ವಾಮಿ. ನನ್ನ ಎಲ್ಕ್ ಓಡಿಹೋಯ್ತು, ಪರವಾನಗಿ ದುಡ್ಡೂ ಹೋಯ್ತು.