ಹೈಡ್ರೋಜನ್ ಕಿಟ್ ಹಾಕಿದ್ರೂ ಡಿಪಿಎಫ್ ಲೈಟ್ ಆರ್ತಿಲ್ಲ (ಬಿಎಸ್6 ಡೀಸೆಲ್)

ಮಲ್ಪೆ_ಡೀಸೆಲ್:
2021ರ ಡೀಸೆಲ್ ಕಾರು. ಬೆಳಿಗ್ಗೆ ಬಂದರು, ಆಮೇಲೆ ಉಡುಪಿ ಪೇಟೆ, ಇಷ್ಟೇ ಓಡಾಟ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಆಗಾಗ ಬರ್ತಿತ್ತು. ಪರಿಚಯದವರೊಬ್ಬರು ಹೊಗೆ ಪೂರಾ ಹೋಗ್ತದೆ ಅಂತ ಹೈಡ್ರೋಜನ್ ಕಿಟ್ ಹಾಕಿಸಿದ್ರು. ನೀರಿನ ಬಾಟಲಿ, ಒಳಗೆ ಸ್ಟೀಲ್ ಪ್ಲೇಟ್, ಅಲ್ಲಿಂದ ಏರ್ ಫಿಲ್ಟರಿನ ಪೈಪಿಗೆ ಒಂದು ಟ್ಯೂಬ್. ಈಗ ಲೈಟ್ ಆರುವುದೇ ಇಲ್ಲ, ಪಿಕಪ್ಪೂ ಕಮ್ಮಿ. ಕಿಟ್‌ಗೆ ಕರೆಂಟ್ ಜಾಸ್ತಿ ಕೊಡಬೇಕಾ?

ಗ್ರೀಸ್_ಕೈ:
ಬೇಡ ಮಾರಾಯ್ರೆ, ಕಿಟ್ಟೇ ಬಿಚ್ಚಿ. 12 ವೋಲ್ಟಿಗೆ 15 ಆಂಪಿಯರ್ ಎಳೆದ್ರೆ 180 ವ್ಯಾಟ್. ಅದು ಬರುವುದು ಇಂಜಿನ್ ತಿರುಗಿಸುವ ಆಲ್ಟರ್ನೇಟರಿನಿಂದ, ಅಂದ್ರೆ ನಿಮ್ಮದೇ ಡೀಸೆಲಿನಿಂದ. ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ಮಾಡ್ಲಿಕ್ಕೆ ಖರ್ಚಾದಷ್ಟು ಶಕ್ತಿ ಆ ಗ್ಯಾಸ್ ಉರಿದಾಗ ವಾಪಸ್ ಸಿಗುವುದಿಲ್ಲ.

ಡಿಪಿಎಫ್‌ನಲ್ಲಿ ಕಟ್ಟಿದ ಮಸಿ ಸುಡಲಿಕ್ಕೆ ಸುಮಾರು 600 ಡಿಗ್ರಿ ಬೇಕು. ಅದಕ್ಕಾಗಿ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಒಂದಿಷ್ಟು ಡೀಸೆಲನ್ನು ತಡವಾಗಿ ಬಿಟ್ಟು ಎಕ್ಸಾಸ್ಟ್ ಕಾಯಿಸ್ತದೆ. ಆಗ ಐಡಲ್ ಸ್ವಲ್ಪ ಏರ್ತದೆ, ಆಫ್ ಮಾಡಿದ ಮೇಲೂ ಫ್ಯಾನ್ ಜೋರಾಗಿ ತಿರುಗ್ತಾ ಇರ್ತದೆ. ಅಷ್ಟೊತ್ತಿಗೆ ನೀವು ಕಲ್ಸಂಕ ದಾಟಿ ಪಾರ್ಕ್ ಮಾಡಿಯೂ ಆಗಿರ್ತದೆ, ಮಸಿ ಸುಡುವುದು ಅರ್ಧಕ್ಕೇ ನಿಲ್ತದೆ! ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಲ್ಲಿ ಇಳಿದು ಆಯಿಲ್ ಸೇರ್ತದೆ. ಮೊದಲು ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡಿ.

ಮಲ್ಪೆ_ಡೀಸೆಲ್:
ನೋಡಿದೆ. ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಮೇಲುಂಟು, ಡೀಸೆಲ್ ವಾಸನೆ. ಕುಂದಾಪುರದವರೆಗೆ ಹೈವೇಯಲ್ಲಿ ಓಡಿಸಿ ಬರಲಾ?

ಗ್ರೀಸ್_ಕೈ:
ಈಗ ಖಂಡಿತ ಬೇಡ. ತೆಳುವಾದ ಆಯಿಲಿನಲ್ಲಿ ಬೇರಿಂಗ್, ಟರ್ಬೊ ಸವೀತದೆ. ಮಟ್ಟ ತೀರಾ ಏರಿದ್ರೆ ಇಂಜಿನ್ ಆಯಿಲನ್ನೇ ಕುಡಿದು, ಕೀ ತೆಗೆದರೂ ನಿಲ್ಲದೆ ಓಡುವ ಅಪಾಯ ಉಂಟು. ಮೊದಲು ಆಯಿಲ್, ಆಯಿಲ್ ಫಿಲ್ಟರ್ ಬದಲಿಸಿ. ಕಂಪನಿ ಹೇಳಿದ ಲೋ-ಆಶ್ ಗ್ರೇಡೇ ಹಾಕಿ, ಯಾಕಂದ್ರೆ ಮಸಿ ಸುಟ್ಟು ಹೋಗ್ತದೆ, ಆಯಿಲಿನ ಬೂದಿ ಒಳಗೇ ಉಳೀತದೆ. ಆಮೇಲೆ ಸ್ಕ್ಯಾನರ್ ಹಾಕಿಸಿ ಗ್ಯಾರೇಜಲ್ಲೇ ರೀಜನರೇಶನ್ (ಆ ಮಸಿ ಸುಡುವ ಕೆಲಸ) ಮಾಡಿಸಿ. ಅದಾದ ಮೇಲೆ ವಾರಕ್ಕೊಮ್ಮೆ ಸಂತೆಕಟ್ಟೆಯಿಂದ ಬ್ರಹ್ಮಾವರ ದಾಟಿ ಇಪ್ಪತ್ತು ನಿಮಿಷ ಒಂದೇ ಹದದಲ್ಲಿ ಓಡಿಸಿ. ವಾಪಸ್ ಬಂದು ಒಣ ಹುಲ್ಲು, ತೆಂಗಿನ ಗರಿ ಮೇಲೆ ಮಾತ್ರ ನಿಲ್ಲಿಸಬೇಡಿ, ಅಡಿ ಕೆಂಡದಂತೆ ಕಾದಿರ್ತದೆ.

ಕೊಡಿಯಾಲ_ಬಾಕ್ಸ್:
ಇಷ್ಟೆಲ್ಲ ಯಾಕೆ? ಡಿಪಿಎಫ್ ತೆಗೆಸಿ ಬರೀ ಪೈಪ್ ಹಾಕಿಸಿದ್ರೆ ಆಯ್ತಲ್ಲ.

ಗ್ರೀಸ್_ಕೈ:
ಅದು ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಯ್ತು, ಹಿಂದೆ ಸ್ಕೂಟರಲ್ಲಿ ಬರುವವರ ಮುಖಕ್ಕೆ ಮಸಿ ಬೇರೆ. ಬರೀ ಪೇಟೆ ಓಡಾಟ ಇರುವವರಿಗೆ ಡೀಸೆಲ್ಲೇ ಆಗುವುದಿಲ್ಲ. ಮುಂದಿನ ಸಲ ಪೆಟ್ರೋಲೋ ಎಲೆಕ್ಟ್ರಿಕ್ಕೋ ನೋಡಿ.